ದೇಶಕ್ಕೊಂದು ಖಾದ್ಯ ಎಂಬ ಸುಳ್ಳು

ಬ್ಯಾಂಕಾಕಿಗೆ ಹೋದರೆ ಪ್ಯಾಡ್ ಥಾಯ್, ಅಥೆನ್ಸಿಗೆ ಹೋದರೆ ಮುಸಾಕಾ, ಡಕಾರಿಗೆ ಹೋದರೆ ಚೆಬು ಜೆನ್, ಜಕಾರ್ತಕ್ಕೆ ಹೋದರೆ ರೆಂಡಾಂಗ್. ಭಾನುವಾರದ ಪುರವಣಿಯಿಂದ ಹಿಡಿದು ಪ್ಯಾಕೇಜ್ ಟೂರಿನವರು ಕೈಗಿಡುವ ಹಾಳೆಯವರೆಗೆ ಎಲ್ಲ ಕಡೆ ಇದೇ ಪಟ್ಟಿ. ಎಡಗಡೆ ದೇಶ, ಬಲಗಡೆ ಖಾದ್ಯ. ಹಿಂದೆ ಶಾಲೆಯಲ್ಲಿ ದೇಶ, ರಾಜಧಾನಿ, ನಾಣ್ಯ ಅಂತ ಬಾಯಿಪಾಠ ಮಾಡಿದ ಹಾಗೆ. ಈ ಪಟ್ಟಿಯನ್ನು ಎತ್ತಿ ಹಿಡಿದಿರುವುದು ಒಂದು ಗಟ್ಟಿ ನಂಬಿಕೆ. ಪ್ರತಿ ದೇಶಕ್ಕೂ ತನ್ನದೇ ಆದ ಒಂದು ಹಳೆಯ ಖಾದ್ಯವಿದೆ, ಅದು ಅಲ್ಲಿನ ಜನರ ಒಲೆಯ ಮೇಲೆ ತಾನಾಗಿ ಬೆಂದು ಬಂದದ್ದು, ಅದನ್ನು ತಿಂದವರಿಗೆ ಆ ದೇಶ ಒಂದಿಷ್ಟಾದರೂ ಅರ್ಥವಾಗುತ್ತದೆ ಎನ್ನುವುದು.

ಈ ಮೂರು ಮಾತೂ ಸುಳ್ಳು. ರುಚಿಯ ಬಗ್ಗೆ ನನ್ನ ತಕರಾರಿಲ್ಲ. ಪಟ್ಟಿಯಲ್ಲಿರುವ ಬಹುಪಾಲು ತಿನಿಸುಗಳು ಸೊಗಸಾಗಿವೆ. ತಿನ್ನಿ, ಇನ್ನೊಂದು ಸಲ ಬಡಿಸಿಕೊಂಡು ತಿನ್ನಿ. ತಕರಾರಿರುವುದು ಅವುಗಳ ಕೊರಳಿಗೆ ಕಟ್ಟಿರುವ ‘ರಾಷ್ಟ್ರೀಯ’ ಎಂಬ ಬಿಲ್ಲೆಯ ಬಗ್ಗೆ. ಖಾದ್ಯ ಹುಟ್ಟುವುದು ಅಡುಗೆಮನೆಯಲ್ಲೇ ಇರಬಹುದು, ಆದರೆ ಅದು ರಾಷ್ಟ್ರೀಯವಾಗುವುದು ನೇಮಕಾತಿಯಿಂದ. ನೇಮಿಸುವವರು ಸರ್ಕಾರದವರು, ಪ್ರವಾಸೋದ್ಯಮ ಇಲಾಖೆಯವರು, ಹಿಂದೆ ಆಳಿಹೋದ ವಸಾಹತಿನ ವ್ಯಾಪಾರಿಗಳು. ನೇಮಕಾತಿ ಎಂದ ಮೇಲೆ ಬದಿಗೆ ತಳ್ಳಿದ ಅರ್ಜಿಗಳೂ ಇರಲೇಬೇಕಲ್ಲ. ಅವುಗಳನ್ನು ಯಾರೂ ಓದುವುದಿಲ್ಲ.

ಥಾಯ್ಲೆಂಡಿನದು ಎಲ್ಲಕ್ಕಿಂತ ಸ್ಪಷ್ಟವಾದ ಕಥೆ. 1938ರ ಕೊನೆಯಲ್ಲಿ ಪ್ರಧಾನಿಯಾದ ಸೇನಾಧಿಕಾರಿ ಪಿಬುನ್ ಸೊಂಗ್‌ಕ್ರಾಮ್‌ಗೆ ಹೊಸ ದೇಶ ಕಟ್ಟುವ ಹುಚ್ಚು. 1939ರಲ್ಲಿ ಸಯಾಮ್ ಎಂಬ ಹೆಸರು ಹೋಗಿ ಥಾಯ್ಲೆಂಡ್ ಬಂತು. 1942ರವರೆಗೆ ಒಂದರ ಹಿಂದೊಂದು 12 ಸಾಂಸ್ಕೃತಿಕ ಆಜ್ಞೆಗಳು ಹೊರಟವು. ಎಲೆಅಡಿಕೆ ಜಗಿಯುವುದಕ್ಕೆ ನಿಷೇಧ ಬಿತ್ತು, ತಲೆಗೆ ಟೋಪಿ ಹಾಕಿ ಎಂದು ಉಪದೇಶವಾಯಿತು. ಮೂರನೆಯ ಆಜ್ಞೆ ನಮ್ಮ ವಿಷಯಕ್ಕೆ ಬೇಕಾದದ್ದು. ಜನರನ್ನು ಉತ್ತರದ ಥಾಯ್, ದಕ್ಷಿಣದ ಥಾಯ್, ಮುಸ್ಲಿಂ ಥಾಯ್ ಎಂದು ಬೇರೆಬೇರೆಯಾಗಿ ಕರೆಯಕೂಡದು, ಎಲ್ಲರೂ ಬರೀ ಥಾಯ್. ಇದೇ ಕಾಲದಲ್ಲಿ ಯುದ್ಧ ಬಂತು, 1942ರಲ್ಲಿ ಬ್ಯಾಂಕಾಕಿಗೆ ನೆರೆ ನುಗ್ಗಿತು, ಅಕ್ಕಿಗೆ ತತ್ವಾರವಾಯಿತು. ಅನ್ನದ ಬದಲು ನೂಡಲ್ಸ್ ತಿನ್ನಿ ಎಂದು ಸರ್ಕಾರವೇ ಪ್ರಚಾರಕ್ಕಿಳಿಯಿತು. ಬಾಣಲೆಯಲ್ಲಿ ಹುರಿದ ಅಕ್ಕಿ ನೂಡಲ್ಸ್ ಅಲ್ಲಿಗೆ ಬಂದಿದ್ದು ಚೀನೀಯರಿಂದ, ಬೀದಿಯಲ್ಲಿ ಮಾರುತ್ತಿದ್ದವರೂ ಅವರೇ. ಚೀನೀ ವ್ಯಾಪಾರಿಗಳ ಹಿಡಿತ ತಪ್ಪಿಸಬೇಕೆಂದು ಹೊರಟಿದ್ದ ಸರ್ಕಾರ ಅದೇ ಬಾಣಲೆಗೆ ಹುಣಸೆ ರಸ, ತಾಳೆ ಬೆಲ್ಲ, ಒಣ ಸಿಗಡಿ ಬಿದ್ದ ಹೊಸ ತಿನಿಸಿಗೆ ಥಾಯ್ ಎಂಬ ಹೆಸರು ಕೊಟ್ಟು ಊರೂರಿಗೆ ಹರಡಿತು.

ಇಂದು ಜಗತ್ತಿನ ಯಾವ ಪಟ್ಟಿ ತೆರೆದರೂ ಥಾಯ್ಲೆಂಡಿನ ‘ಸಾಂಪ್ರದಾಯಿಕ’ ಖಾದ್ಯವೆಂದು ಕೂತಿರುವುದು ಇದೇ ಪ್ಯಾಡ್ ಥಾಯ್. ಅದರ ವಯಸ್ಸು ನಮ್ಮಲ್ಲಿನ ಹಲವು ಅಜ್ಜಿಯರ ವಯಸ್ಸಿಗಿಂತ ಹೆಚ್ಚೇನಲ್ಲ. ಅಷ್ಟಕ್ಕೇ ನಿಂತಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. 2002ರಲ್ಲಿ ಥಾಯ್ ಸರ್ಕಾರ ಹೊರದೇಶಗಳಲ್ಲಿ ಥಾಯ್ ಹೋಟೆಲುಗಳನ್ನು ಹೆಚ್ಚಿಸುವ ಯೋಜನೆಗೇ ಕೈಹಾಕಿತು; ವಾಣಿಜ್ಯ ಇಲಾಖೆ ಆಯ್ದ ಹೋಟೆಲುಗಳಿಗೆ ‘ಥಾಯ್ ಸೆಲೆಕ್ಟ್’ ಎಂಬ ಮುದ್ರೆ ಒತ್ತಿತು. ಈ ಭರಾಟೆಯಲ್ಲಿ ಹಿಂದೆ ಬಿದ್ದವರು ಯಾರು? ಈಶಾನ್ಯದ ಇಸಾನ್ ಸೀಮೆಯವರು. ದೇಶದ ಜನಸಂಖ್ಯೆಯ ಸುಮಾರು ಮೂರನೇ ಒಂದು ಪಾಲು ಅವರೇ. ಮಾತು ಲಾವೋ, ಊಟ ಅಂಟಕ್ಕಿಯ ಅನ್ನ, ಜೊತೆಗೆ ಪ್ಲಾ ರಾ ಎಂಬ ಹುಳಿ ಬರಿಸಿದ ಮೀನು. ಅದರ ವಾಸನೆಗೆ ಬ್ಯಾಂಕಾಕಿನ ಸ್ಥಿತಿವಂತರು ಬಹಳ ಕಾಲ ಮೂಗು ಮುರಿದರು. ಆ ಮೀನಿನ ರಸ ಬಿದ್ದ ಕಾಯಿ ಪಪಾಯದ ಸೋಮ್ ತಾಮ್ ಬೇಕಾದರೆ ವಲಸೆ ಬಂದ ಇಸಾನಿನ ಟ್ಯಾಕ್ಸಿ ಚಾಲಕರು, ಕಟ್ಟಡ ಕಾರ್ಮಿಕರು ನಿಲ್ಲುವ ಗಾಡಿಗೇ ಹೋಗಬೇಕಿತ್ತು. ದೇಶದ ಮೂರನೇ ಒಂದು ಪಾಲು ಜನರ ದಿನನಿತ್ಯದ ಊಟ ಪ್ರಾದೇಶಿಕ, ಸರ್ಕಾರ ಹಂಚಿದ ನೂಡಲ್ಸ್ ರಾಷ್ಟ್ರೀಯ! ಈ ಲೆಕ್ಕವನ್ನು ಬಿಡಿಸಿ ಹೇಳುವ ಪುಣ್ಯಾತ್ಮರು ಯಾರಾದರೂ ಇದ್ದರೆ ಮುಂದೆ ಬರಲಿ.

ಇಂಡೋನೇಷ್ಯಾದಲ್ಲಿ ನೇಮಕಾತಿಯ ಆದೇಶವೇ ಎರಡು ಸಲ ಹೊರಟಿದೆ. 2014ರಲ್ಲಿ ಪ್ರವಾಸೋದ್ಯಮ ಸಚಿವಾಲಯ ತುಂಪೆಂಗ್ ಎಂಬ ಗೋಪುರದಾಕಾರದ ಅರಿಶಿನದನ್ನವನ್ನು ರಾಷ್ಟ್ರೀಯ ಖಾದ್ಯವಾಗಿ ಆರಿಸಿತು. ಅದು ಜಾವಾದವರ ಹಬ್ಬದೂಟ. ಒಂದರಿಂದ ಸಾಲಲಿಲ್ಲವೆಂದು ಕಾಣುತ್ತದೆ, 2018ರಲ್ಲಿ ಐದು ಹೆಸರು ಬಂದವು: ಸೋತೊ, ರೆಂಡಾಂಗ್, ಸತೇ, ನಾಸಿ ಗೊರೆಂಗ್, ಗಾಡೊ ಗಾಡೊ. ಹದಿನೇಳು ಸಾವಿರಕ್ಕೂ ಹೆಚ್ಚು ದ್ವೀಪಗಳ ದೇಶಕ್ಕೆ ಐದು ತಟ್ಟೆ. ಇದಕ್ಕಿಂತ ಬಹಳ ಮೊದಲೇ ಅಧ್ಯಕ್ಷ ಸುಕಾರ್ನೊ ದೇಶದ ಮೂಲೆಮೂಲೆಯಿಂದ ಅಡುಗೆ ವಿಧಾನಗಳನ್ನು ತರಿಸಲು ಹೇಳಿದ್ದರು. 1967ರಲ್ಲಿ ಅದು ‘ಮುಸ್ತಿಕಾ ರಾಸಾ’ ಎಂಬ ಭಾರೀ ಪುಸ್ತಕವಾಗಿ ಬಂತು, 1,600ಕ್ಕೂ ಮಿಕ್ಕಿದ ಅಡುಗೆಗಳು. ಸಾವಿರದಾರುನೂರರಿಂದ ಐದಕ್ಕೆ ಇಳಿದದ್ದನ್ನು ಪ್ರಗತಿ ಎನ್ನಬೇಕೋ ಏನೋ.

ಆ ಐದರಲ್ಲಿ ರೆಂಡಾಂಗಿನ ವಿಷಯ ಸ್ವಲ್ಪ ಬೇರೆ, ಅದಕ್ಕೆ ನ್ಯಾಯ ಸಲ್ಲಿಸಬೇಕು. ಪಶ್ಚಿಮ ಸುಮಾತ್ರದ ಮಿನಾಂಗ್‌ಕಬಾವ್ ಜನರ ಅಡುಗೆ ಅದು. ದನದ ಮಾಂಸವನ್ನು ತೆಂಗಿನ ಹಾಲು, ಮಸಾಲೆಗಳೊಂದಿಗೆ ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬೇಯಿಸುತ್ತಾರೆ. ಹಾಲು ಬತ್ತಿ ಎಣ್ಣೆ ಬಿಡುತ್ತದೆ, ಆ ಎಣ್ಣೆಯಲ್ಲೇ ಮಾಂಸ ಕಪ್ಪಾಗುವವರೆಗೆ ಬಾಡುತ್ತದೆ. ನೀರಿನಂಶ ಹೋದ ಮೇಲೆ ವಾರಗಟ್ಟಲೆ ಕೆಡುವುದಿಲ್ಲ. ದುಡಿಮೆ ಹುಡುಕಿ ಊರು ಬಿಟ್ಟು ಹೋಗುವುದು ಮಿನಾಂಗ್ ಗಂಡಸರ ಹಳೆಯ ರೂಢಿ. ಹೋದವರು ದೇಶದ ಪ್ರತಿ ಪೇಟೆಯಲ್ಲೂ ಪಾಡಾಂಗ್ ಹೋಟೆಲ್ ಇಟ್ಟರು. ಮಸಾಲೆದೋಸೆ ಉಡುಪಿಯವರ ಹಿಂದೆ ಮುಂಬೈ, ದೆಹಲಿಗೆ ಹೋಯಿತಲ್ಲ, ರೆಂಡಾಂಗ್ ಹೋದದ್ದೂ ಅದೇ ದಾರಿಯಲ್ಲಿ. ಹಾಗೆ ತಾನೇ ನಡೆದುಹೋದ ಅಡುಗೆಗೆ ಸಚಿವಾಲಯ ಕೊನೆಯಲ್ಲಿ ಬಂದು ಹಾರ ಹಾಕಿತು. ಆದರೆ ಹಾರ ಹಾಕಿದ ಮರುಗಳಿಗೆಯಿಂದ ಅದು ಮಿನಾಂಗ್ ಅಡುಗೆಯಾಗಿ ಉಳಿಯದೆ ‘ಇಂಡೋನೇಷ್ಯಾದ ಪರಂಪರೆ’ಯಾಯಿತು. ಊರು ಬಿಟ್ಟವರ ಬೆವರು ಕರಪತ್ರದಲ್ಲಿ ಕಾಣುವುದಿಲ್ಲ.

ಆ ಐದರಲ್ಲಿ ಪಪುವಾದ ಒಂದು ತಿನಿಸೂ ಇಲ್ಲ. ಅಲ್ಲಿನ ತಗ್ಗು ಪ್ರದೇಶದವರ ಆಹಾರ ಸಾಗೋ ತಾಳೆಯ ಕಾಂಡ ಸೀಳಿ, ತಿರುಳು ತೊಳೆದು ತೆಗೆದ ಹಿಟ್ಟು. ಅದಕ್ಕೆ ಕುದಿನೀರು ಹೊಯ್ದು ತಿರುವಿದರೆ ಪಪೇಡಾ ಎಂಬ ಅಂಟಾದ, ಹೊಳೆಯುವ ಮುದ್ದೆ. ಅರಿಶಿನದ ಮೀನು ಸಾರಿನೊಂದಿಗೆ ಅಗಿಯದೆ ನುಂಗುತ್ತಾರೆ. (ನಮ್ಮ ರಾಗಿ ಮುದ್ದೆ ನುಂಗುವವರಿಗೆ ಇದು ವಿಚಿತ್ರವೆನಿಸಲಾರದು.) ಎತ್ತರದ ಕಣಿವೆಗಳಲ್ಲಿ ಗೆಣಸೇ ಅನ್ನ. ಇವರಾರೂ ಬಡಿಸುವ ಸಾಲಿಗೆ ಬರಲಿಲ್ಲ. ಬರಲಿಲ್ಲ ಎನ್ನುವುದಕ್ಕಿಂತ ಅವರ ತಟ್ಟೆಯನ್ನೇ ಬದಲಿಸುವ ಕೆಲಸ ದಶಕಗಳಿಂದ ನಡೆದಿದೆ ಎನ್ನಬೇಕು. ಅಧ್ಯಕ್ಷ ಸುಹಾರ್ತೊ ಕಾಲದ ಸರ್ಕಾರಕ್ಕೆ ಅಕ್ಕಿಯೇ ಅಭಿವೃದ್ಧಿ. ಸರ್ಕಾರಿ ನೌಕರರಿಗೆ ಸಂಬಳದ ಜೊತೆ ಅಕ್ಕಿ ಕೊಡುತ್ತಿದ್ದರು, ಸಾಗೋ ಸೀಮೆಯಲ್ಲೂ ಅಕ್ಕಿಯೇ. ಅನ್ನ ಉಣ್ಣುವವನು ಮುಂದುವರಿದವನು, ಸಾಗೋ ಗೆಣಸು ತಿನ್ನುವವನು ಹಿಂದುಳಿದವನು ಎಂಬ ಭಾವನೆ ಮಕ್ಕಳ ತಲೆಯಲ್ಲೂ ಕೂತಿತು. 2010ರಲ್ಲಿ ಪಪುವಾದ ಮೆರಾವ್ಕೆಯಲ್ಲಿ ಶುರುವಾದ ಬೃಹತ್ ಆಹಾರ ಯೋಜನೆ ಮರಿಂಡ್ ಜನರ ಸಾಗೋ ತೋಪುಗಳಿದ್ದ ನೆಲದ ಮೇಲೇ ಕಣ್ಣಿಟ್ಟಿತು. ಖಾದ್ಯಗಳ ಪಟ್ಟಿಯೇ ಇದನ್ನೆಲ್ಲ ಮಾಡಿತೆಂದು ನಾನು ಹೇಳುತ್ತಿಲ್ಲ. ದೇಶವೆಂದರೆ ಒಂದು ಬಗೆಯ ತಟ್ಟೆ ಎಂದು ಎಣಿಸುವ ತಲೆಯೇ ಎರಡನ್ನೂ ಮಾಡಿತು. ಅಂಥ ತಲೆ ಕೈಯಲ್ಲಿ ಕರಪತ್ರ ಹಿಡಿದಾಗ ನಿರಪಾಯಕಾರಿಯಾಗಿ ಕಾಣುತ್ತದೆ, ಬುಲ್ಡೋಜರ್ ಹಿಡಿದಾಗ ಹಾಗೆ ಕಾಣುವುದಿಲ್ಲ.

ಕರ್ನಾಟಕದ ಓದುಗರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ರಾಗಿ, ಜೋಳದ ಸೀಮೆಗಳಲ್ಲಿ ಅಕ್ಕಿ ಅನ್ನ ಒಂದು ಕಾಲಕ್ಕೆ ಹಬ್ಬದ ಊಟ, ಪ್ರತಿಷ್ಠೆಯ ಊಟ. ಪಡಿತರದಲ್ಲಿ ಅಕ್ಕಿ ಬಂದು ಹಸಿವು ತಗ್ಗಿದ್ದು ನಿಜ. ರೊಟ್ಟಿ ಬಡಿಯುವ ಕೈಗಳು ಕಡಿಮೆಯಾದದ್ದೂ ನಿಜ.

ಸೆನೆಗಲ್ಲಿನ ಚೆಬು ಜೆನ್ ಬಗ್ಗೆ ಪಟ್ಟಿಗಳು ಹೇಳುವುದು ಇಷ್ಟು: ಮೀನು, ಟೊಮೆಟೊ, ತರಕಾರಿಯ ರಸದಲ್ಲಿ ಬೆಂದ ಅನ್ನ, ಪಶ್ಚಿಮ ಆಫ್ರಿಕಾದ ಹೆಮ್ಮೆ, 2021ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ್ದು. ಹೇಳದೆ ಬಿಟ್ಟದ್ದು ಅಕ್ಕಿಯ ಕಥೆ. ಆ ಅಡುಗೆಗೆ ಬೇಕಾಗುವುದು ನುಚ್ಚಕ್ಕಿ. ಅದು ಬಂದದ್ದು ಫ್ರೆಂಚರು ಆಳುತ್ತಿದ್ದ ಇಂಡೋಚೈನಾದಿಂದ, ಅಂದರೆ ಇಂದಿನ ವಿಯೆಟ್ನಾಮ್ ಕಡೆಯಿಂದ. ಸೆನೆಗಲ್ಲಿನ ರೈತರು ಎಣ್ಣೆ ಗಾಣಗಳಿಗೆಂದು ಕಡಲೆಕಾಯಿ ಬೆಳೆಯಬೇಕಿತ್ತು. ಹೊಲವೆಲ್ಲ ಕಡಲೆಕಾಯಿಯಾದ ಮೇಲೆ ಹೊಟ್ಟೆಗೇನು? ಅದೇ ಸಾಮ್ರಾಜ್ಯದ ಇನ್ನೊಂದು ತುದಿಯಲ್ಲಿ ಗಿರಣಿಯಿಂದ ಉದುರಿದ ನುಚ್ಚು. ಅಲ್ಲಿನ ನೆಲದ ಧಾನ್ಯ ಸಜ್ಜೆ. ಪಶ್ಚಿಮ ಆಫ್ರಿಕಾದವರೇ ಸಾವಿರಾರು ವರ್ಷಗಳ ಹಿಂದೆ ಪಳಗಿಸಿದ ಬೇರೆ ತಳಿಯ ಭತ್ತವೂ ಇತ್ತು, ದಕ್ಷಿಣದ ಕಸಮಾನ್ಸ್ ಸೀಮೆಯ ಜೋಲಾ ಜನ ಅದನ್ನು ಬೆಳೆಯುತ್ತಿದ್ದರು. ಹೆಮ್ಮೆಯ ತಟ್ಟೆಗೆ ಬಂದದ್ದು ಇವೆರಡೂ ಅಲ್ಲ. ಈ ನುಚ್ಚಿನಿಂದ ಇಷ್ಟು ರುಚಿ ತೆಗೆದ ಸೆನೆಗಲ್ಲಿನ ಸೇಂಟ್ ಲೂಯಿ ಪಟ್ಟಣದ ಹೆಂಗಸರ ಕೈಗೆ ನಮಸ್ಕಾರ. ಅವರ ಜಾಣ್ಮೆ ದೊಡ್ಡದು. ಆದರೆ ಈ ತಟ್ಟೆಯನ್ನು ‘ಅನಾದಿ ಪರಂಪರೆ’ ಎಂದು ಕರೆದ ತಕ್ಷಣ ಕಡಲೆಕಾಯಿ ಹೊಲವೂ ಹಡಗೂ ಮಾಯವಾಗುತ್ತವೆ.

ಗ್ರೀಸಿನ ಮುಸಾಕಾ ಬಗ್ಗೆ ನಾಲ್ಕು ಮಾತು ಸಾಕು. ಬದನೆಕಾಯಿ, ಕೈಮಾದ ಆ ಅಡುಗೆ ಒಟ್ಟೊಮನ್ ನಾಡುಗಳಲ್ಲೆಲ್ಲ ಹತ್ತಾರು ರೂಪದಲ್ಲಿತ್ತು. ಗ್ರೀಕ್ ಬಾಣಸಿಗ ನಿಕೊಲಾವೋಸ್ ಸೆಲೆಮೆಂಟೆಸ್‌ಗೆ ಗ್ರೀಕ್ ಅಡುಗೆಯಿಂದ ತುರ್ಕಿಯ ವಾಸನೆ ತೊಳೆದು ಯುರೋಪಿನ ಮಟ್ಟಕ್ಕೆ ಏರಿಸುವ ಹಟ. ಮೇಲೆ ಬೆಷಮೆಲ್ ಎಂಬ ಫ್ರೆಂಚ್ ಬಿಳಿ ಸಾಸಿನ ಹಾಸು ಹೊದಿಸಿದ. 1920–30ರ ದಶಕಗಳಿಂದ ಅವನ ಅಡುಗೆ ಪುಸ್ತಕ ಮಧ್ಯಮ ವರ್ಗದ ಮನೆಮನೆಗೆ ಹೋಯಿತು. ಇಂದು ಪ್ರವಾಸಿಗರು ಅಥೆನ್ಸಿನ ಹೋಟೆಲಿನಲ್ಲಿ ಪ್ರಾಚೀನ ಗ್ರೀಸನ್ನು ಚಪ್ಪರಿಸುತ್ತೇವೆಂದುಕೊಂಡು ಚಪ್ಪರಿಸುವುದು ಆ ಬಿಳಿ ಸಾಸನ್ನೇ.

ಇಲ್ಲಿ ಒಂದು ಜಾಣ ಆಕ್ಷೇಪ ಬರುತ್ತದೆ. ಎಲ್ಲ ಸಂಪ್ರದಾಯಗಳೂ ಯಾವಾಗಲೋ ಯಾರೋ ಮಾಡಿದ್ದೇ ಅಲ್ಲವೇ, ಮೆಣಸಿನಕಾಯಿ ನಮ್ಮಲ್ಲಿಗೆ ಪೋರ್ಚುಗೀಸರ ಮೂಲಕ ಬಂದದ್ದಲ್ಲವೇ, ಹಾಗೆಂದು ನಮ್ಮ ಸಾರು ನಮ್ಮದಲ್ಲವೇ? ನಮ್ಮದೇ. ಹೊರಗಿನಿಂದ ಬಂದದ್ದು ನಮ್ಮದಾಗಲಾರದು ಎಂದು ನಾನು ಎಲ್ಲಿಯೂ ಹೇಳಿಲ್ಲ. ಹಾಗೆ ಹೇಳುವವರು ರಾಷ್ಟ್ರೀಯ ಖಾದ್ಯದ ಪರ ವಕಾಲತ್ತು ಮಾಡುವವರೇ. ಮೆಣಸಿನಕಾಯಿ ಸಾರಿಗೆ ಬಿದ್ದದ್ದು ಯಾವ ಸಚಿವಾಲಯದ ಸುತ್ತೋಲೆಯಿಂದಲೂ ಅಲ್ಲ. ಅದು ಬಂದದ್ದರಿಂದ ಯಾರ ಸಾರನ್ನೂ ‘ಪ್ರಾದೇಶಿಕ’ವೆಂದು ಕೆಳಗಿಳಿಸಲಿಲ್ಲ. ಹೊಸದು ಬಂದಿದ್ದು ತಪ್ಪಲ್ಲ, ಹೊಸದಕ್ಕೆ ಸುಳ್ಳು ಜಾತಕ ಬರೆಸಿ ಪಟ್ಟ ಕಟ್ಟುವುದು ತಪ್ಪು.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ. ಹೈಟಿಯ ಜೂಮು ಸೂಪಿಗೆ ಏನು ಹೇಳುತ್ತೀರಿ? ಫ್ರೆಂಚ್ ಯಜಮಾನರಿಗಾಗಿ ಕುಂಬಳಕಾಯಿಯ ಈ ಸೂಪನ್ನು ಗುಲಾಮರು ಕುದಿಸುತ್ತಿದ್ದರು, ತಾವು ಕುಡಿಯುವಂತಿರಲಿಲ್ಲ. 1804ರ ಜನವರಿ 1ರಂದು ದೇಶ ಸ್ವತಂತ್ರವಾಯಿತು. ಅಂದಿನ ನೆನಪಿಗೆ ಇಂದಿಗೂ ಪ್ರತಿ ಹೊಸ ವರ್ಷದ ಬೆಳಗ್ಗೆ ಹೈಟಿಯವರು, ಊರಲ್ಲಿರಲಿ ಹೊರದೇಶದಲ್ಲಿರಲಿ, ಅದನ್ನೇ ಮಾಡಿ ನೆರೆಯವರಿಗೂ ಹಂಚುತ್ತಾರೆ. ಇದಕ್ಕಿಂತ ರಾಷ್ಟ್ರೀಯವಾದ ಖಾದ್ಯ ಇನ್ನೆಲ್ಲಿದೆ? ಒಪ್ಪಿದೆ. ಪೂರ್ತಿ ಒಪ್ಪಿದೆ. ಆದರೆ ಗಮನಿಸಿ, ಆ ಸೂಪನ್ನು ರಾಷ್ಟ್ರೀಯ ಮಾಡಿದ್ದು ಅದರ ರುಚಿಯೂ ಅಲ್ಲ, ಪ್ರಾಚೀನತೆಯೂ ಅಲ್ಲ. ಇದನ್ನು ನೀನು ಮುಟ್ಟಬೇಡ ಎಂದಿದ್ದವರನ್ನು ಓಡಿಸಿದ್ದು. ಅದರ ಕಥೆ ತಿಳಿಯದೆ ಒಂದು ಬಟ್ಟಲು ಕುಡಿದ ಪ್ರವಾಸಿಗೆ ಸಿಗುವುದು ಕುಂಬಳಕಾಯಿ ಸೂಪು, ಅಷ್ಟೆ. ಪಟ್ಟಿಗಳು ‘ಕೆನೆಯಂತಹ, ಹಿತವಾದ, ಚಳಿಗಾಲಕ್ಕೆ ಹೇಳಿ ಮಾಡಿಸಿದ’ ಎಂದು ಬರೆದು ಪಕ್ಕದ ದೇಶಕ್ಕೆ ಹಾರುತ್ತವೆ.

ಆಹಾರ ಜನರನ್ನು ಒಂದುಗೂಡಿಸುತ್ತದೆ ಎನ್ನುವವರೂ ಇದ್ದಾರೆ. ಒಂದೇ ಪಂಕ್ತಿಯಲ್ಲಿ ಕೂತಾಗ ಹೌದು. ಬಾವುಟ ನೆಟ್ಟಾಗ? ಹಮ್ಮುಸ್ ಯಾರದೆಂದು ಲೆಬನಾನಿಗೂ ಇಸ್ರೇಲಿಗೂ ಜಗಳ. 2010ರ ಜನವರಿಯಲ್ಲಿ ಇಸ್ರೇಲಿನ ಅಬು ಗೋಷ್ ಎಂಬ ಅರಬ್ ಊರಿನಲ್ಲಿ ಉಪಗ್ರಹದ ಡಿಶ್ ಆಂಟೆನಾವನ್ನೇ ತಟ್ಟೆ ಮಾಡಿ ನಾಲ್ಕು ಸಾವಿರ ಕಿಲೋಗೂ ಮಿಕ್ಕಿ ಹಮ್ಮುಸ್ ತುಂಬಿ ದಾಖಲೆ ಮಾಡಿದರು. ನಾಲ್ಕೇ ತಿಂಗಳಲ್ಲಿ ಲೆಬನಾನಿನವರು 10,452 ಕಿಲೋ ಅರೆದರು. ಆ ಸಂಖ್ಯೆ ಯಾಕೆ? ದೇಶದ ವಿಸ್ತೀರ್ಣ 10,452 ಚದರ ಕಿಲೋಮೀಟರ್! ಕಡಲೆ ಬೇಯಿಸಿ, ಎಳ್ಳಿನ ಹಿಟ್ಟು ಬೆರೆಸಿ, ನಿಂಬೆ ಹಿಂಡಿ ಕಲಸಿದ ಬಡವರ ತಿನಿಸಿಗೆ ಭೂಪಟದ ಅಳತೆ. ನಾವೇನು ಕಡಿಮೆ? ರಸಗುಲ್ಲಕ್ಕಾಗಿ ಬಂಗಾಳ, ಒಡಿಶಾ ವರ್ಷಗಟ್ಟಲೆ ಗುದ್ದಾಡಿ 2017ರಲ್ಲಿ ಒಬ್ಬರು, 2019ರಲ್ಲಿ ಇನ್ನೊಬ್ಬರು ಭೌಗೋಳಿಕ ಗುರುತು ಪಡೆದರು. ಅಲ್ಜೀರಿಯಾ, ಮೊರಾಕೊ, ಟುನೀಷಿಯಾ, ಮಾರಿಟೇನಿಯಾ ನಾಲ್ಕೂ ಸೇರಿ 2020ರ ಡಿಸೆಂಬರಿನಲ್ಲಿ ಕುಸ್‌ಕುಸ್ ಅನ್ನು ಯುನೆಸ್ಕೊ ಪಟ್ಟಿಗೆ ಸೇರಿಸಿದಾಗ ಎಷ್ಟೋ ಜನ ಕಣ್ಣೊದ್ದೆ ಮಾಡಿಕೊಂಡರು. ಮುಂದಿನ ಆಗಸ್ಟಿನಲ್ಲಿ ಅಲ್ಜೀರಿಯಾ ಮೊರಾಕೊದೊಂದಿಗೆ ರಾಜತಾಂತ್ರಿಕ ಸಂಬಂಧವನ್ನೇ ಕಡಿದುಕೊಂಡಿತು.

ಒಳ್ಳೆಯ ಮನಸ್ಸಿನವರು ಮಾಡುವ ತಪ್ಪೂ ಒಂದಿದೆ. ಬ್ರಿಟನ್ನಿನ ವಿದೇಶಾಂಗ ಸಚಿವ ರಾಬಿನ್ ಕುಕ್ 2001ರ ಏಪ್ರಿಲ್‌ನಲ್ಲಿ ಚಿಕನ್ ಟಿಕ್ಕಾ ಮಸಾಲವೇ ಬ್ರಿಟನ್ನಿನ ನಿಜವಾದ ರಾಷ್ಟ್ರೀಯ ಖಾದ್ಯವೆಂದರು. ವಲಸೆಗಾರರ ಪರವಾಗಿ ಆಡಿದ ಸೌಜನ್ಯದ ಮಾತು. ಆದರೆ ಬ್ರಿಟನ್ನಿನ ‘ಇಂಡಿಯನ್’ ಹೋಟೆಲುಗಳಲ್ಲಿ ಬಹುಪಾಲು ನಡೆಸಿದವರು ಇಂಡಿಯಾದವರಲ್ಲ, ಬಾಂಗ್ಲಾದೇಶದ ಸಿಲ್ಹೆಟ್ ಸೀಮೆಯವರು. ಅವರು ಮನೆಯಲ್ಲಿ ಉಣ್ಣುವ ಶುಟ್ಕಿ ಒಣಮೀನಿಗೆ, ಶಾತ್‌ಕೊರಾ ಹುಳಿಹಣ್ಣಿನ ಮಾಂಸದ ಸಾರಿಗೆ ಆ ಭಾಷಣದಲ್ಲಿ ಜಾಗವಿರಲಿಲ್ಲ. ಗಿರಾಕಿಗೆ ಹಿಡಿಸಿದ್ದು ರಾಷ್ಟ್ರೀಯವಾಯಿತು, ಬಾಣಸಿಗ ತಿಂದದ್ದು ಹಿತ್ತಲಲ್ಲೇ ಉಳಿಯಿತು.

ಇನ್ನು ನಮ್ಮ ಮನೆಯ ಸಂಗತಿ. 2017ರ ನವೆಂಬರ್ 4ರಂದು ದೆಹಲಿಯ ‘ವರ್ಲ್ಡ್ ಫುಡ್ ಇಂಡಿಯಾ’ ಮೇಳದಲ್ಲಿ ದೊಡ್ಡ ಕಡಾಯಿಯಲ್ಲಿ 918 ಕಿಲೋ ಖಿಚಡಿ ಬೆಂದಿತು, ಗಿನ್ನೆಸ್ ದಾಖಲೆಯಾಯಿತು. ಅದಕ್ಕೂ ಮೊದಲೇ ಖಿಚಡಿ ರಾಷ್ಟ್ರೀಯ ಖಾದ್ಯವಾಗಲಿದೆ ಎಂಬ ಗುಲ್ಲೆದ್ದು, ಆಹಾರ ಸಂಸ್ಕರಣಾ ಸಚಿವೆ ಹರ್‌ಸಿಮ್ರತ್ ಕೌರ್ ಬಾದಲ್ ಹಾಗೇನಿಲ್ಲ, ಇದು ದಾಖಲೆಗಾಗಿ ಮಾತ್ರ ಎಂದು ಸ್ಪಷ್ಟನೆ ಕೊಡಬೇಕಾಯಿತು. ಗುಲ್ಲು ಸುಳ್ಳಾದರೂ ಆಯ್ಕೆ ಕುತೂಹಲದ್ದು. ಖಿಚಡಿಯನ್ನೇ ಯಾಕೆ ಎತ್ತಿಕೊಂಡರು? ಅದರಲ್ಲಿ ಯಾರ ಮೂಗಿಗೂ ಬಡಿಯುವಂಥದ್ದೇನಿಲ್ಲ. ಮಾಂಸವಿಲ್ಲ, ಒಣಮೀನಿಲ್ಲ, ಹುಳಿ ಬಂದ ಬಿದಿರ ಕಳಲೆಯಿಲ್ಲ. ರಾಷ್ಟ್ರೀಯ ಖಾದ್ಯಕ್ಕೆ ಬೇಕಾದ ಮೊದಲ ಅರ್ಹತೆ ಯಾರಿಗೂ ಮುಜುಗರವಾಗದಿರುವುದು. ಮುಜುಗರ ಯಾರದೆಂದು ತೀರ್ಮಾನಿಸುವವರು ಯಾರು ಎಂಬಲ್ಲೇ ಎಲ್ಲ ಇದೆ. ಕೊಡಗಿನ ಪಂದಿ ಕರಿ, ಕರಾವಳಿಯ ಒಣ ಸಿಗಡಿ ಚಟ್ನಿ, ಬಯಲುಸೀಮೆಯ ತಲೆಮಾಂಸದ ಸಾರು, ನಾಗಾಲ್ಯಾಂಡಿನ ಹುಳಿ ಬರಿಸಿದ ಸೋಯಾ ಅಖುನಿ ಇವು ಯಾವ ಕಾಲಕ್ಕೂ ಆ ಕಡಾಯಿಗೆ ಬೀಳಲಾರವು. ಮರಾಠವಾಡದ ದಲಿತರ ಅಡುಗೆಯ ಬಗ್ಗೆ ಶಾಹು ಪಾಟೋಳೆ ಮರಾಠಿಯಲ್ಲಿ ಬರೆಯುವವರೆಗೆ ಅಂಥ ಅಡುಗೆಗೆ ಪುಸ್ತಕದ ಪುಟವೂ ಸಿಕ್ಕಿದ್ದು ಕಡಿಮೆ. ನಗರದ ಮಧ್ಯಮ ವರ್ಗದ ಹೆಂಗಸರಿಗಾಗಿ ಬಂದ ಅಡುಗೆ ಪುಸ್ತಕಗಳೇ ‘ಭಾರತೀಯ ಅಡುಗೆ’ ಎಂಬುದನ್ನು ಹೇಗೆ ಕಟ್ಟಿದವೆಂದು ಮಾನವಶಾಸ್ತ್ರಜ್ಞ ಅರ್ಜುನ್ ಅಪ್ಪಾದುರೈ 1988ರಲ್ಲೇ ವಿವರಿಸಿದ್ದಾರೆ. ಅದೇ ಕಥೆ ರಾಜ್ಯದ ಮಟ್ಟದಲ್ಲೂ. ದೆಹಲಿಯ ಮೇಳಗಳಲ್ಲಿ ಕರ್ನಾಟಕವೆಂದರೆ ಬಿಸಿಬೇಳೆಬಾತ್, ಮೈಸೂರು ಪಾಕ್. ಖಡಕ್ ರೊಟ್ಟಿ, ಪುಂಡಿಪಲ್ಯೆಯ ಕಲಬುರಗಿಯವರು ಅಲ್ಲಿ ತಮ್ಮ ರಾಜ್ಯದ ಮಳಿಗೆಯನ್ನೇ ಗುರುತು ಹಿಡಿಯಲಾರರು.

ಪಟ್ಟಿಯಿಲ್ಲದೆ ಪ್ರವಾಸ ಹೊರಡುವುದು ಹೇಗೆ ಎನ್ನುವವರಿಗೆ ನನ್ನಲ್ಲೂ ಒಂದೆರಡು ಹೆಸರಿವೆ, ಆದರೆ ಅವು ದೇಶದ ಹೆಸರಿಗಲ್ಲ, ಸೀಮೆಗೆ, ಹೊತ್ತಿಗೆ, ದುಡಿಯುವವರಿಗೆ ಅಂಟಿಕೊಂಡವು. ಬ್ಯಾಂಕಾಕಿನಲ್ಲಿ ಕಟ್ಟಡ ಏಳುತ್ತಿರುವ ಕಡೆ ನಿಂತ ಇಸಾನ್ ಗಾಡಿಗೆ ಹೋಗಿ, ಪ್ಲಾ ರಾ ಹಾಕಿಯೇ ಕೊಡಿ ಎಂದು ಕೇಳಿ. ವಿದೇಶಿಯರಿಗೆ ಅವರು ತಾವಾಗಿ ಹಾಕುವುದಿಲ್ಲ. ಡಕಾರಿನಲ್ಲಿ ಮಧ್ಯಾಹ್ನದ ಚೆಬು ಜೆನ್ ತಿಂದಾಯಿತೇ? ಸರಿ, ರಾತ್ರಿಗೆ ಚೆರೆ ಎಲ್ಲಿ ಸಿಗುತ್ತದೆಂದು ವಿಚಾರಿಸಿ. ಸಜ್ಜೆ ಹಿಟ್ಟನ್ನು ನೀರು ಚಿಮುಕಿಸಿ ಕಾಳುಕಾಳಾಗಿ ಉದುರಿಸಿ ಹಬೆಯಲ್ಲಿ ಬೇಯಿಸುತ್ತಾರೆ, ಮೇಲೆ ಮ್ಬೂಮ್ ಎಂಬ ಸೊಪ್ಪಿನ ಗೊಜ್ಜು. ಹಡಗಿನ ನುಚ್ಚಕ್ಕಿ ಬರುವುದಕ್ಕೆ ಮೊದಲಿಂದಲೂ ಆ ನೆಲದಲ್ಲಿದ್ದ ಧಾನ್ಯ ಅದು. ಸೊಪ್ಪು ಬೇರೆ ಯಾವುದೂ ಅಲ್ಲ, ನುಗ್ಗೆ. ಅದಕ್ಕೆ ಅರೆದು ಹಾಕುವುದು ಕಡಲೆಕಾಯಿ. ಹೋಟೆಲಿನ ಮೆನುವಿನಲ್ಲಿ ಕಾಣದಿದ್ದರೆ ಬಡಿಸುವವರನ್ನೇ ಕೇಳಿ, ಅವರ ಮನೆಯಲ್ಲಿ ರಾತ್ರಿಗೆ ಅದೇ ಆಗಿರಬಹುದು.